ಮಾತ್ಸಾಸ್ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ.

ಗ್ರೀಕ್ ನಟ ಆರ್ತೆಮಿಸ್ ಮಾತ್ಸಾಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯ ಬಿಡುವಂಥದ್ದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪ್ಯಾರಾ ತೆಗೆದುಬಿಡಿ. 'ಅದ್ಭುತ ಪ್ರತಿಭೆ', 'ಮರೆಯಲಾಗದ ಖಳ' ಇವನ್ನೆಲ್ಲ ಯಾವ ನಟನಿಗೆ ಬೇಕಾದರೂ ಅಂಟಿಸಬಹುದು. ವಜ್ರಮುನಿಯವರ ಹೋಲಿಕೆಯೂ ಬೇಡ. ವಜ್ರಮುನಿ ಅಬ್ಬರಿಸುವ ಖಳ. ಮಾತ್ಸಾಸ್ ಜಾಸ್ತಿ ಮಾಡಿದ್ದು ಬೇರೆ ಥರದ ಪಾತ್ರ: ಸ್ವಂತ ಊರಿನವರನ್ನೇ ಜರ್ಮನ್ನರಿಗೆ ಹಿಡಿದುಕೊಡುವ ದ್ರೋಹಿ.

'ಜನ ಅವರನ್ನು ದ್ವೇಷಿಸಿದರು' ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಯಾಕೆ ಅಂತ ಹೇಳಬೇಕಲ್ವಾ? 1941ರಲ್ಲಿ ಗ್ರೀಸ್ ಜರ್ಮನ್ನರ ಕೈಗೆ ಬಿತ್ತು. 1944ರ ಆಗಸ್ಟ್ 17ರಂದು ಅಥೆನ್ಸ್ ಹತ್ತಿರದ ಬಂದರು ನಗರ ಪಿರೇಯಸ್ ಪಕ್ಕದ ಕೊಕ್ಕಿನಿಯಾದಲ್ಲಿ ಗಂಡಸರನ್ನೆಲ್ಲ ಚೌಕದಲ್ಲಿ ಸೇರಿಸಿದರು. ಮುಖಕ್ಕೆ ಮುಸುಕು ಹಾಕಿಕೊಂಡವರು ಅವರ ನಡುವೆ ಓಡಾಡಿ ಬೆರಳು ತೋರಿಸಿದರು. ಯಾರ ಕಡೆ ಬೆರಳು ತೋರಿಸಿದರೋ ಅವರನ್ನು ಗುಂಡಿಟ್ಟು ಕೊಂದರು. ಮುಸುಕಿನೊಳಗಿದ್ದವರು ಗ್ರೀಕರೇ. ಇಪ್ಪತ್ತು ವರ್ಷದ ಮೇಲೆ ಟಿಕೆಟ್ ತೆಗೆದುಕೊಂಡು ಸಿನಿಮಾಗೆ ಕೂತವರಿಗೆ ಆ ಬೆರಳು ಮರೆತಿರಲಿಲ್ಲ. 1967ರಿಂದ 1974ರವರೆಗಿನ ಸೇನಾ ಆಡಳಿತದಲ್ಲಂತೂ ದೇಶಭಕ್ತಿಯ ಯುದ್ಧ ಚಿತ್ರಗಳು ಸಾಲುಸಾಲಾಗಿ ಬಂದವು. ಯುದ್ಧದ ಕಥೆ ಅಂದಮೇಲೆ ಒಬ್ಬ ದ್ರೋಹಿ ಬೇಕು. ಮಾತ್ಸಾಸ್ ಇದ್ದರು.

ಇನ್ನು ನನಗೆ ಸಿಟ್ಟು ಬಂದ ಜಾಗ. ಮಾತ್ಸಾಸ್ ಯಹೂದಿ ಮೂಲದವರು. ಇದನ್ನು ನೀವು ಒಂಬತ್ತನೇ ಪ್ಯಾರಾದಲ್ಲಿ, ಅದೂ ಕಂಸದೊಳಗೆ ತುರುಕಿದ್ದೀರಿ! 1943ರಲ್ಲಿ ಗ್ರೀಸ್‌ನ ಥೆಸಲೋನಿಕಿ ನಗರ ಒಂದರಿಂದಲೇ 40,000ಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ನಾಜಿಗಳ ಹತ್ಯಾ ಶಿಬಿರವಾಗಿದ್ದ ಆಶ್ವಿಟ್ಜ್‌ಗೆ ಸಾಗಿಸಿದರು. ಆಗ ಮಾತ್ಸಾಸ್ ಇನ್ನೂ ಹುಡುಗ. ಅದೇ ಹುಡುಗ ದೊಡ್ಡವನಾಗಿ ತೆರೆಯ ಮೇಲೆ ನಾಜಿಗಳ ಕೈಯಾಳು ಅಂತಲೇ ಹೆಸರಾದದ್ದು. ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು. ಹಾಗಂತ ಅವರ ಮನಸ್ಸಿನೊಳಗೆ ನುಗ್ಗಬೇಡಿ. 'ಪ್ರತಿ ಶೂಟಿಂಗ್ ಮುಗಿದ ಮೇಲೆ ಒಳಗೊಳಗೇ ಅತ್ತರು' ಅಂತ ನಿಮಗೆ ಯಾರು ಹೇಳಿದರು? ಹೊಡೆದುಹಾಕಿ. ಸುಮ್ನೆ ಎರಡು ಸಂಗತಿಯನ್ನೂ ಅಕ್ಕಪಕ್ಕ ಇಡಿ, ಸಾಕು.

ಸಿನಿಮಾಗಳ ಕಥೆ ಹೇಳಿದ್ದೀರಿ, ನಟನೆ ಎಲ್ಲೂ ಕಾಣಲಿಲ್ಲ. ಯಾವುದಾದರೂ ಒಂದು ಚಿತ್ರ ಹಾಕಿ, ದನಿ ಬಂದ್ ಮಾಡಿ ನೋಡಿ. ಕಣ್ಣು ಎಲ್ಲಿ ಹೊರಳುತ್ತದೆ, ಕೈ ಏನು ಮಾಡುತ್ತಿರುತ್ತದೆ, ಅದನ್ನು ಬರೆಯಿರಿ.

ಅಂದಹಾಗೆ ಹೆಸರನ್ನು ಮೂರು ಥರ ಬರೆದಿದ್ದೀರಿ: ಮಟ್ಸಾಸ್, ಮತ್ಸಸ್, ಮಾತ್ಸಾಸ್. ಒಂದನ್ನು ಹಿಡಿದುಕೊಳ್ಳಿ. 600 ಪದ ಸಾಕು, ಮುಂದಿನ ತಿಂಗಳ 10ರೊಳಗೆ ಕಳಿಸಿ.