ಭಾರ ಇರುವುದು ಇನ್ವರ್ಸ್‌ನಲ್ಲಿ ಅಲ್ಲ

ಪ್ರಶ್ನೆ: ನಾನು ಎಂ.ಟೆಕ್ ವಿದ್ಯಾರ್ಥಿನಿ. ಬೇಸ್ ಸ್ಟೇಷನ್‌ನಲ್ಲಿ 64 ಆಂಟೆನಾ, ಒಂದೇ ಹೊತ್ತಿಗೆ ಸಿಗ್ನಲ್ ಕಳಿಸುವ 16 ಮೊಬೈಲ್, ಇದು ನನ್ನ ಪ್ರಾಜೆಕ್ಟ್. ಸಿಗ್ನಲ್‌ಗಳನ್ನು ಬೇರ್ಪಡಿಸಲು 16×16 ಮ್ಯಾಟ್ರಿಕ್ಸ್‌ನ (ಸಂಖ್ಯೆಗಳ ಚೌಕದ) ಇನ್ವರ್ಸ್, ಅಂದರೆ ವಿಲೋಮ, ಬೇಕು. ಲೆಕ್ಕ ಉಳಿಯಲಿ ಎಂದು ಇನ್ವರ್ಸನ್ನು ಪದ ಪದವಾಗಿ ಕೂಡಿಸುತ್ತಾ ಅಂದಾಜಿಸುವ ನ್ಯೂಮನ್ ಸರಣಿ ಬಳಸಿದೆ. ಪದಗಳನ್ನು ಹೆಚ್ಚಿಸಿದಷ್ಟೂ ಉತ್ತರ ಹಾಳಾಗುತ್ತಿದೆ. ಕೋಡ್ ತಪ್ಪೇ?

ಉತ್ತರ: ಕೋಡ್ ಸರಿಯಾಗಿಯೇ ಇರಬಹುದು. 64ನ್ನು 16ರಿಂದ ಭಾಗಿಸಿ ನೋಡಿ, 4 ಬರುತ್ತದೆ. ತೊಂದರೆ ಅಲ್ಲಿದೆ. ಕರ್ಣದ ಸಂಖ್ಯೆಗಳಿಂದ ಶುರುವಾಗುವ ಈ ಸರಣಿಗೆ ಕರ್ಣದ ಆಚೆಯವು ಸಣ್ಣದಾಗಿರಬೇಕು. ರ‍್ಯಾಂಡಮ್ ಚಾನೆಲ್ (ಮೊಬೈಲ್‌ನಿಂದ ಆಂಟೆನಾಗೆ ಸಿಗ್ನಲ್ ಸಾಗುವ ದಾರಿ) ಆದರೆ ಆಂಟೆನಾಗಳು ಮೊಬೈಲ್‌ಗಳ ಹೆಚ್ಚೂಕಡಿಮೆ 6 ಪಟ್ಟು ಬೇಕು. ಇಲ್ಲದಿದ್ದರೆ ಸರಣಿ ಹಳಿ ತಪ್ಪುತ್ತದೆ.

ಅದಿರಲಿ, ಉಳಿತಾಯ ಆಯಿತೇ ಎಂದು ಎಣಿಸಿದಿರಾ? ನಿಮ್ಮ ಮ್ಯಾಟ್ರಿಕ್ಸ್ ಹರ್ಮಿಶಿಯನ್ (ಕರ್ಣದ ಒಂದು ಬದಿ ಇನ್ನೊಂದರ ಕನ್ನಡಿ ಬಿಂಬದಂತೆ), ಪಾಸಿಟಿವ್ ಡೆಫಿನಿಟ್ (ಧನ ಸಂಖ್ಯೆಯ ಹಾಗೆ ವರ್ಗಮೂಲ ತೆಗೆಯಬಹುದಾದದ್ದು). ಚೊಲೆಸ್ಕಿ ವಿಧಾನದಲ್ಲಿ ಅದನ್ನು ಎರಡು ತ್ರಿಕೋನ ಮ್ಯಾಟ್ರಿಕ್ಸ್‌ಗಳಾಗಿ ಒಡೆಯಲು ಸುಮಾರು 680 ಗುಣಾಕಾರ ಸಾಕು. ನ್ಯೂಮನ್‌ನ ಮೂರನೇ ಪದಕ್ಕೇ ಎರಡು ಮ್ಯಾಟ್ರಿಕ್ಸ್‌ಗಳನ್ನು ಗುಣಿಸಬೇಕು: ನೇರವಾಗಿ ಮಾಡಿದರೆ 4096! (ಚೊಲೆಸ್ಕಿ ಫ್ರೆಂಚ್ ಸೈನ್ಯದಲ್ಲಿ ಭೂಮಾಪನ ಮಾಡಿದ ಅಧಿಕಾರಿ, 1918ರಲ್ಲಿ ಯುದ್ಧದಲ್ಲಿ ತೀರಿಕೊಂಡರು. ಅವರ ಲೆಕ್ಕ ಮೊಬೈಲ್ ಟವರ್‌ಗೂ ಒದಗಿತು ನೋಡಿ.) ಹಾಗಂತ ಚಿಪ್ ಮಾಡುವವರ ಗೊಣಗಾಟ ಸುಳ್ಳಲ್ಲ. ಚೊಲೆಸ್ಕಿಯಲ್ಲಿ ವರ್ಗಮೂಲ, ಭಾಗಾಕಾರಗಳು ಒಂದರ ಹಿಂದೆ ಒಂದು ಕಾಯಬೇಕು. ಆದರೆ ನಿಮ್ಮದು ಸಿಮ್ಯುಲೇಶನ್ ಅಲ್ವಾ?

ನಿಜವಾದ ಭಾರ ಅದಕ್ಕೂ ಮೊದಲೇ ಇದೆ. 64×16 ಚಾನೆಲ್ ಮ್ಯಾಟ್ರಿಕ್ಸ್‌ನಿಂದ ಆ 16×16 ಮ್ಯಾಟ್ರಿಕ್ಸ್ ಕಟ್ಟಲು, ಅರ್ಧ ಭಾಗ ಮಾತ್ರ ಲೆಕ್ಕ ಹಾಕಿದರೂ, 8704 ಗುಣಾಕಾರ. ಇನ್ವರ್ಸ್‌ಗಾಗಿ ಒದ್ದಾಡುವುದು ಆನೆ ಬಿಟ್ಟು ಬಾಲ ಹಿಡಿದ ಹಾಗೆ.

5ಜಿಯಲ್ಲಿ 100 ಮೆಗಾಹರ್ಟ್ಸ್ ಬ್ಯಾಂಡ್‌ಗೆ, 30 ಕಿಲೋಹರ್ಟ್ಸ್ ಅಂತರದಲ್ಲಿ, 3276 ಸಬ್‌ಕ್ಯಾರಿಯರ್ (ಬ್ಯಾಂಡನ್ನು ಸೀಳಿದ ಸಣ್ಣ ಆವರ್ತನಗಳು). ಪ್ರತಿಯೊಂದಕ್ಕೂ ಆ ಮ್ಯಾಟ್ರಿಕ್ಸ್ ಸುಮ್ನೆ ಹೊಸದಾಗಿ ಕಟ್ಟಬೇಡಿ. ಪಕ್ಕಪಕ್ಕದವುಗಳ ಚಾನೆಲ್ ಸಾಮಾನ್ಯವಾಗಿ ಹೆಚ್ಚು ಬದಲಾಗುವುದಿಲ್ಲ. 12ಕ್ಕೆ ಒಂದರಂತೆ ಕಟ್ಟಿದರೆ 273 ಸಲ ಸಾಕು. ಪ್ರತಿಧ್ವನಿ ತುಂಬಾ ತಡವಾಗಿ ಬರುವ ಜಾಗದಲ್ಲಿ ಮಾತ್ರ ಇದು ಕೈಕೊಡುತ್ತದೆ. ಇನ್ನೊಂದು ಮಾತು: ಇನ್ವರ್ಸನ್ನು ಬಿಡಿಸಿ ಬರೆಯಲೇಬೇಡಿ. ಒಡೆದ ತ್ರಿಕೋನಗಳಲ್ಲಿ ಹಿಂದೆ ಮುಂದೆ ಬದಲಿಸುತ್ತಾ ಹೋದರೆ ಪ್ರತಿ ಸಿಂಬಲ್‌ಗೆ (ಒಮ್ಮೆಗೆ ಕಳಿಸುವ ಡೇಟಾ ತುಣುಕಿಗೆ) ಸುಮಾರು 256 ಗುಣಾಕಾರದಲ್ಲಿ ಉತ್ತರ ಸಿಗುತ್ತದೆ.

ಗೈಡ್ ನ್ಯೂಮನ್ ಬೇಕೇ ಬೇಕು ಎಂದರೆ ಮೊಬೈಲ್‌ಗಳನ್ನು 8ಕ್ಕೆ ಇಳಿಸಿ, ಸರಣಿ ಸರಿದಾರಿಗೆ ಬರುತ್ತದೆ. ಆಗ ಚೊಲೆಸ್ಕಿಯ ಖರ್ಚು ಎಷ್ಟು ಎಂದೂ ಅವರಿಗೆ ತೋರಿಸಿ: ಸುಮಾರು 85 ಗುಣಾಕಾರ.