ಮನೆಯ ಹಿಂಬದಿಯ ಬರೆ

ಗೌಪ್ಯತೆಗಾಗಿ ಊರು, ಉದ್ಯೋಗ ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳ ಬದಲು, ಆ ಮನೆಯ ಒಂಬತ್ತನೇ ತರಗತಿಯ ಹುಡುಗಿ ಕರೆಯುವಂತೆ ಅಪ್ಪ, ಅಮ್ಮ, ಅಜ್ಜಿ ಎಂದೇ ಬರೆಯುತ್ತೇನೆ. ಮೂವರ ಒಪ್ಪಿಗೆ ಪಡೆದಿದ್ದೇನೆ.

ಆಪ್ತಸಮಾಲೋಚಕಿಯಾದ ನನ್ನ ಬಳಿಗೆ ಮಾರ್ಚ್‌ನಲ್ಲಿ ಮೊದಲು ಬಂದವರು ಅಮ್ಮ, ಒಬ್ಬರೇ. "ಎರಡು ವರ್ಷದಲ್ಲಿ ಇಪ್ಪತ್ತಮೂರು ಮನೆ ನೋಡಿದ್ದೇವೆ. ಒಂದಕ್ಕೂ ಇವರು ಹೂಂ ಎನ್ನಲಿಲ್ಲ. ಮನೆ ತೋರಿಸುತ್ತಿದ್ದ ಬ್ರೋಕರ್ ಈಗ ನಮ್ಮ ಫೋನನ್ನೇ ಎತ್ತುವುದಿಲ್ಲ" ಎಂದರು. ಗಂಡ ಯಾವ ಮನೆಗೆ ಹೋದರೂ ಒಳಗೆ ಕಾಲಿಡುವ ಮೊದಲು ಹಿತ್ತಲಿಗೆ ಹೋಗುತ್ತಾರಂತೆ, ಅಲ್ಲಿ ಬರೆಯನ್ನು, ಅಂದರೆ ಗುಡ್ಡ ಕಡಿದಲ್ಲಿ ಉಳಿದ ಕಡಿದಾದ ಮಣ್ಣಿನ ಗೋಡೆಯನ್ನು, ನೋಡುತ್ತಾ ನಿಂತುಬಿಡುತ್ತಾರಂತೆ. ಅತ್ತೆಯಂತೂ ಕಾರಿನಿಂದ ಇಳಿಯುವುದೇ ಇಲ್ಲ. ಜೋರು ಮಳೆಯ ರಾತ್ರಿಗಳಲ್ಲಿ ಗಂಡ ಮಲಗುವುದಿಲ್ಲ ಎಂಬುದನ್ನು ಅವರು ಹೊರಡುವಾಗ, ಬಾಗಿಲ ಬಳಿ ನಿಂತು ಹೇಳಿದರು.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಲಿನ ಬೆಟ್ಟಗಳು ಜಾರಿದಾಗ ಇವರ ಮನೆಯ ಹಿಂಬದಿಯ ಬರೆಯೂ ಕುಸಿಯಿತು. ಅಡುಗೆಮನೆ ಮತ್ತು ಕೊಟ್ಟಿಗೆ ಮಣ್ಣಿನಡಿ ಹೋದವು, ಒಂದು ಹಸು ಸತ್ತಿತು. ಮನೆಯವರೆಲ್ಲ ಉಳಿದುಕೊಂಡರು. ಅಂದಿನಿಂದ ಮಡಿಕೇರಿಯಲ್ಲಿ ಬಾಡಿಗೆ ಮನೆ.

ಎರಡನೇ ಭೇಟಿಗೆ ಅಪ್ಪ ಬಂದರು. ಇಲ್ಲಿ ನಾನೊಂದು ತಪ್ಪು ಮಾಡಿದೆ. ಆಘಾತದಿಂದ ಉಳಿದ ಭಯ ಎಂದು ತೀರ್ಮಾನಿಸಿ, ಉಸಿರಾಟದ ಅಭ್ಯಾಸ ಹೇಳಿಕೊಡಲು ಹೊರಟೆ. ಅವರು ಸುಮ್ಮನೆ ಕೇಳಿ, "ಮೇಡಂ, ಉಸಿರು ಸರಿಯಾದರೆ ಬರೆ ನಿಲ್ಲುತ್ತದೆಯೇ?" ಎಂದರು. ನಾನು ಪುಸ್ತಕ ಮುಚ್ಚಿಟ್ಟೆ. ಆಮೇಲೆ ಅವರಾಗಿಯೇ ಹೇಳಿದರು: ಅಂದು ಮಧ್ಯಾಹ್ನ ತೋಡಿನ ನೀರು ಕೆಂಪಾಗಿತ್ತು, ಹಿತ್ತಲಿನ ಸಿಲ್ವರ್ ಓಕ್ ಮರವೊಂದು ವಾಲಿತ್ತು. ಎರಡನ್ನೂ ಅವರು ನೋಡಿದ್ದರು, ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. "ಹೇಳಿದ್ದರೆ ಹಸುವನ್ನಾದರೂ ಬಿಚ್ಚಬಹುದಿತ್ತು."

ಈ ಮಾತನ್ನು ಅವರು ಹೆಂಡತಿಗೂ ಹೇಳಿರಲಿಲ್ಲ. ಹಿತ್ತಲಿನಲ್ಲಿ ನಿಂತು ಬರೆ ನೋಡುವ ಆ ಮನುಷ್ಯ ಮನೆಯನ್ನು ಬೇಡವೆನ್ನುತ್ತಿರಲಿಲ್ಲ. ಒಮ್ಮೆ ಕಂಡೂ ಬಾಯಿಬಿಡದ ಗುರುತುಗಳು ಮತ್ತೆ ಕಣ್ಣು ತಪ್ಪಬಾರದೆಂದು ಹುಡುಕುತ್ತಿದ್ದರು. ಅಲ್ಲದೆ ಅವರ ಭಯ ಬರಿಯ ಭ್ರಮೆಯೂ ಅಲ್ಲ. ಆ ದುರಂತದ ನಂತರ ಅಧ್ಯಯನಕ್ಕೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು, ರಸ್ತೆಗಾಗಿ ಮನೆಗಾಗಿ ಇಳಿಜಾರನ್ನು ಕಡಿದದ್ದೂ ಕುಸಿತಕ್ಕೆ ಕಾರಣವೆಂದೇ ಹೇಳಿದ್ದರು. ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಮೊದಲು ಬರೆ ನೋಡುವವರನ್ನು ರೋಗಿ ಎನ್ನಲು ನನಗೆ ಮನಸ್ಸಾಗಲಿಲ್ಲ.

ಮೂರನೇ ಭೇಟಿಗೆ ಎಲ್ಲರನ್ನೂ ಕರೆದೆ. ಕೊನೆಯದಾಗಿ ನೋಡಿದ ಮನೆ ಹೇಗಿತ್ತು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಅಮ್ಮ ಅಡುಗೆಮನೆಯ ಬೆಳಕು, ಶಾಲೆಗಿರುವ ದೂರ ಹೇಳಿದರು. ಅಪ್ಪ ಒಂದೂವರೆ ಆಳೆತ್ತರದ ಬರೆ, ತಡೆಗೋಡೆ ಇಲ್ಲ ಎಂದರು. ಅಜ್ಜಿ ಮಾತ್ರ, "ಅಲ್ಲಿ ಹಿರಿಯರಿಗೆ ದೀಪ ಯಾರು ಹಚ್ಚುತ್ತಾರೆ?" ಎಂದು ಕೇಳಿದರು. "ಎಲ್ಲಿಗೆ ಹೋದರೂ ಅತ್ತೆ ಇದನ್ನೇ ಹೇಳಿ ಅಡ್ಡ ಹಾಕುತ್ತಾರೆ" ಎಂದು ಅಮ್ಮನಿಗೆ ಸಿಟ್ಟು ಬಂತು. "ಯಾವ ಮನೆಯಲ್ಲಿ, ಅಜ್ಜಿ?" ಎಂದು ನಾನು ಕೇಳಿದಾಗಲೇ ತಿಳಿದದ್ದು: ಅವರು ಕೇಳುತ್ತಿದ್ದುದು ಹಳೆಯ ಮನೆಯ ಬಗ್ಗೆ. ಕುಸಿದ ದಿನ ಉಟ್ಟ ಬಟ್ಟೆಯಲ್ಲಿ ಹೊರಟವರು ಅವರು. ಮರಳಿ ಹೋಗಿ, ಇನ್ನು ನಾವು ಇಲ್ಲಿರುವುದಿಲ್ಲ ಎಂದು ಗತಿಸಿದ ಹಿರಿಯರಿಗೆ ಹೇಳಿ ಬಂದಿರಲಿಲ್ಲ.

ಒಂದೇ ಕಾರಿನಲ್ಲಿ ಹೊರಟು ಮೂವರೂ ಬೇರೆ ಬೇರೆ ಮನೆ ನೋಡುತ್ತಿದ್ದರು. ಆದ್ದರಿಂದ ನನ್ನ ಮೊದಲ ಸಲಹೆ, ಮೂರು ತಿಂಗಳು ಒಂದು ಮನೆಯನ್ನೂ ನೋಡಬೇಡಿ ಎಂಬುದು. ಅಮ್ಮನಿಗೆ ಇದು ಹಿಡಿಸಲಿಲ್ಲ. ಬೆಲೆ ಏರುತ್ತಿದೆ ಎಂದರು, ಅದು ನಿಜವೇ. ಆದರೂ ನಾನು ಮಾತು ಬದಲಿಸಲಿಲ್ಲ.

ಆ ಮೂರು ತಿಂಗಳಿಗೆ ಕೆಲಸ ಕೊಟ್ಟೆ. ಮೊದಲನೆಯದು, ಮಳೆಗೆ ಮುಂಚೆ ಏಪ್ರಿಲ್‌ನಲ್ಲಿ ಎಲ್ಲರೂ ಹಳೆಯ ಮನೆಗೆ ಹೋಗಿಬರುವುದು. ಅಜ್ಜಿ ಅಲ್ಲಿ ದೀಪ ಹಚ್ಚಲಿ, ಏನು ತರಬೇಕೆಂದು ಅವರೇ ಹೇಳಲಿ, ಅಪ್ಪ ಆ ದಿನ ಕಂಡದ್ದನ್ನು ಅದೇ ಹಿತ್ತಲಿನಲ್ಲಿ ನಿಂತು ಹೆಂಡತಿಗೆ ಹೇಳಲಿ. ಮುಂದಿನ ಭೇಟಿಯಲ್ಲಿ ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇವರು ಏಳು ವರ್ಷ ಇದನ್ನು ಒಬ್ಬರೇ ಹೊತ್ತಿದ್ದರು" ಎಂದಷ್ಟೇ ಹೇಳಿದರು.

ಎರಡನೆಯದು ಅಪ್ಪನ ಭಯಕ್ಕೆ ಒಂದು ಎಲ್ಲೆ ಹಾಕುವುದು. ಪರೀಕ್ಷಿಸಿ ತಿಳಿಯಬಹುದಾದದ್ದನ್ನೆಲ್ಲ ಅವರೇ ಬರೆದರು: ಬರೆಯ ಎತ್ತರ, ತಡೆಗೋಡೆಯಲ್ಲಿ ನೀರು ಹೊರಹೋಗಲು ಕಿಂಡಿಗಳಿವೆಯೇ, ನಿವೇಶನ ಗಟ್ಟಿ ನೆಲವೋ ಮಣ್ಣು ತುಂಬಿಸಿ ಮಟ್ಟ ಮಾಡಿದ್ದೋ, ನೆಲದಲ್ಲಿ ಬಿರುಕು, ವಾಲಿದ ಮರ ಮತ್ತು ಕಂಬ, ಮೇಲಿನ ತೋಟದ ನೀರು ಹರಿಯುವ ದಾರಿ. ಪ್ರತಿ ಮನೆಯನ್ನೂ ಎರಡು ಸಲ ನೋಡಬೇಕು, ಒಂದು ಸಲ ಜುಲೈ ಮಳೆಯಲ್ಲಿ. ಕುಶಾಲನಗರದ ಕಡೆ ಬರೆಯ ಭಯವಿಲ್ಲವೆಂದು ಅಮ್ಮನ ವಾದ. ಆದರೆ 2018 ಮತ್ತು 2019ರಲ್ಲಿ ಅಲ್ಲಿನ ತಗ್ಗಿನ ಬಡಾವಣೆಗಳಿಗೆ ಕಾವೇರಿಯ ನೀರು ನುಗ್ಗಿತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂದು ಮಾರುವವರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ ಎಂದೆ. ಇಷ್ಟೂ ಸರಿಯಿದ್ದು ಎಂಜಿನಿಯರ್ ಕೂಡ ಒಪ್ಪಿದ ಮೇಲೂ ಉಳಿಯುವ ಭಯ ಆ ಮನೆಯದ್ದಲ್ಲ. ಅದನ್ನು ನನ್ನ ಬಳಿ ತನ್ನಿ, ಮನೆಯ ಮೇಲೆ ಹೊರಿಸಬೇಡಿ. ಇದಕ್ಕೆ ಅವರು ಕೈಮುಗಿದು ಒಪ್ಪಿದರು. ನಿದ್ರೆಯ ತೊಂದರೆಗೆ ಮನೋವೈದ್ಯರ ಬಳಿ ಕಳುಹಿಸಿದೆ, ನಡುರಾತ್ರಿ ಸಂಕಟವಾದರೆ ಕರೆ ಮಾಡಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಬರೆದುಕೊಟ್ಟೆ.

ಕಾಗದಪತ್ರ ನನ್ನ ಕ್ಷೇತ್ರವಲ್ಲ. ಆದರೆ ಕೊಡಗಿನಲ್ಲಿ ಮನೆಯ ಜಗಳಗಳು ನನ್ನ ಕೋಣೆಗೆ ಬರುವುದೇ ಆ ದಾರಿಯಿಂದ. ಇವರೇ ಆ ಇಪ್ಪತ್ತಮೂರು ಮನೆಗಳಿಗೂ ಮುಂಚೆ ಒಮ್ಮೆ, ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬಾಣೆಯಲ್ಲಿ ಕಟ್ಟಿದ ಮನೆಯೊಂದಕ್ಕೆ ಮುಂಗಡ ಕೊಡುವುದರಲ್ಲಿದ್ದರು. ಪಹಣಿ ತೆಗೆಸಿದರೆ ಒಕ್ಕದ, ಅಂದರೆ ಒಂದೇ ಮೂಲದ ಕೊಡವ ಮನೆತನದ, ಹನ್ನೊಂದು ಹೆಸರುಗಳು, ಮಾರುತ್ತಿದ್ದವರು ಒಬ್ಬರೇ. ಪಹಣಿ, ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ, ಪಂಚಾಯಿತಿ ವ್ಯಾಪ್ತಿಯಾದರೆ ಅಲ್ಲಿನ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11, ಇವುಗಳನ್ನು ವಕೀಲರು ನೋಡುವ ಮೊದಲು ಒಂದು ರೂಪಾಯಿಯನ್ನೂ ಕೊಡಬೇಡಿ ಎಂದೆ.

ಹಣದ ಮಾತಿಗೆ ಇಬ್ಬರೂ ಮೌನವಾಗುತ್ತಿದ್ದರು, ಹಾಗಾಗಿ ಕಾಗದ ಪೆನ್ನು ಕೊಟ್ಟು ಕೂರಿಸಿದೆ. ಉಳಿತಾಯ 20 ಲಕ್ಷ, ಮನಸ್ಸಿನಲ್ಲಿದ್ದ ಬೆಲೆ 40 ಲಕ್ಷ. 20 ಲಕ್ಷ ಸಾಲ ಸಾಕೆಂದುಕೊಂಡಿದ್ದರು. ಮುದ್ರಾಂಕ ಮತ್ತು ನೋಂದಣಿ ಶುಲ್ಕ ಸೇರಿ ಸುಮಾರು ಶೇ 7.6, ಅಂದರೆ 3 ಲಕ್ಷ. ಇದಕ್ಕೆ ಬ್ಯಾಂಕು ಸಾಲ ಕೊಡುವುದಿಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ದುರಸ್ತಿಗೆ, ಕಾಯಿಲೆ ಕಸಾಲೆಗೆ ಸ್ವಲ್ಪ ಉಳಿಯಲೇಬೇಕು. ಹೀಗೆ ಲೆಕ್ಕ 25 ಲಕ್ಷ ಸಾಲಕ್ಕೆ ಬಂದು ನಿಂತಿತು. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ ತಿಂಗಳ ಕಂತು ಸುಮಾರು 21,700 ರೂಪಾಯಿ. ಈಗಿನ ಬಾಡಿಗೆ 9,000. ಉಳಿದ 12,700 ರೂಪಾಯಿಯನ್ನು ಮೂರು ತಿಂಗಳು, ಸಂಬಳ ಬಂದ ದಿನವೇ, ಬೇರೆ ಖಾತೆಗೆ ಹಾಕಿ ನೋಡಿ ಎಂದೆ. ಬ್ಯಾಂಕು ಎಷ್ಟು ಸಾಲ ಕೊಡುತ್ತದೆ ಎಂಬುದಕ್ಕಿಂತ ಆ ಮೂರು ತಿಂಗಳು ಮನೆ ಹೇಗೆ ನಡೆಯಿತು ಎಂಬುದನ್ನು ನಂಬಬೇಕೆಂದು ನನ್ನ ಅಭಿಪ್ರಾಯ. ಎರಡನೇ ತಿಂಗಳಲ್ಲಿ ಅವರಿಗೆ 4,000 ರೂಪಾಯಿ ಕಡಿಮೆ ಬಿತ್ತು. ಅಂದೇ ಇಬ್ಬರೂ ಕುಳಿತು ಮನೆಯ ಬೆಲೆಯ ಮಿತಿಯನ್ನು 36 ಲಕ್ಷಕ್ಕೆ ಇಳಿಸಿದರು.

ಅವರು ಇನ್ನೂ ಮನೆ ಕೊಂಡಿಲ್ಲ. ಜುಲೈ ಮಳೆಯಲ್ಲಿ ಎರಡು ಮನೆ ನೋಡಿದರು. ಒಂದರ ಹಿತ್ತಲಿಗೆ ಈ ಬಾರಿ ಅಮ್ಮನೂ ಕೊಡೆ ಹಿಡಿದು ಹೋಗಿ, ಹತ್ತು ನಿಮಿಷದಲ್ಲಿ ಬೇಡವೆಂದು ಇಬ್ಬರೂ ಒಟ್ಟಿಗೆ ಹೇಳಿ ಬಂದರಂತೆ. ಇನ್ನೊಂದರ ಪಹಣಿ ವಕೀಲರ ಬಳಿ ಇದೆ.

ಹಳೆಯ ಮನೆಯಿಂದ ಅಜ್ಜಿ ತರಲು ಹೇಳಿದ್ದು ದೀಪವನ್ನು ಮತ್ತು ಹಿತ್ತಲಿನ ಮದ್ದುಸೊಪ್ಪಿನ ಎರಡು ಕಡ್ಡಿಗಳನ್ನು. ಬಾಡಿಗೆ ಮನೆಯ ಕುಂಡದಲ್ಲಿ ಅವು ಚಿಗುರಿವೆ. ಕೊಡಗಿನಲ್ಲಿ ಮದ್ದುಸೊಪ್ಪಿನ ಪಾಯಸ ಮಾಡುವ ದಿನವಾದ ಕಕ್ಕಡ ಮಾಸದ ಹದಿನೆಂಟಕ್ಕೆ ಪಾಯಸ ಮಾಡುವಷ್ಟು ಸೊಪ್ಪು ಈ ವರ್ಷ ಸಿಗಲಿಲ್ಲ, ಮುಂದಿನ ವರ್ಷಕ್ಕೆ ಸಾಕಾಗುತ್ತದೆ ಎಂದು ಅಜ್ಜಿ ನನಗೆ ಹೇಳಿ ಕಳುಹಿಸಿದ್ದಾರೆ.