ಅಡ್ವಾನ್ಸ್ ಕೊಟ್ಟ ಮಾತ್ರಕ್ಕೆ ಆಳು ನಿಮ್ಮವನಾಗಲ್ಲ

ಮಳೆ ನಿಂತು ರೆಸಾರ್ಟ್‌ಗಳ ಲಾನ್ ಕೆಲಸ ಶುರುವಾದರೆ ಸಾಕು, ನನಗೆ ಕಂಟ್ರಾಕ್ಟರ್‌ಗಳಿಂದ ಅಡ್ವಾನ್ಸ್, ಜೀತದ ಬಗ್ಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ಕಾರ್ಮಿಕ ಕಾನೂನಿನ ಸಲಹೆ ಕೊಡೋದು ನನ್ನ ಹೊಟ್ಟೆಪಾಡು, ನಿಜ. ಆದರೂ ಅದೇ ಪ್ರಶ್ನೆ ಮೂಡಿಗೆರೆಯಿಂದ ಒಂದು ಸಲ, ಬೇಲೂರಿನಿಂದ ಒಂದು ಸಲ, ಸಕಲೇಶಪುರದಿಂದ ಮತ್ತೊಂದು ಸಲ ಬಂದರೆ ತಲೆ ಕೆಡುತ್ತೆ. ಹಾಜರಿ ಪುಸ್ತಕ ಇಡಿ, ಪಿಎಫ್ ಕಟ್ಟಿ ಅಂತೆಲ್ಲ ಇಲ್ಲಿ ಹೇಳಲ್ಲ. ಅಷ್ಟೂ ಗೊತ್ತಿಲ್ಲದೆ ಕಂಟ್ರಾಕ್ಟ್ ಹಿಡಿದಿದ್ದರೆ ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ: ಈ ಕಾಲದಲ್ಲೂ ಜೀತ ಎಲ್ಲಿದೆ ಸಾರ್?

ಹಾಸನದಲ್ಲಿ. 2018ರ ಡಿಸೆಂಬರ್‌ನಲ್ಲಿ ಊರಿನ ಹತ್ತಿರದ ಒಂದು ಶೆಡ್‌ನಿಂದ 52 ಜನರನ್ನು ಬಿಡಿಸಿದರು. ಮುಂದಿನ ಪ್ರಶ್ನೆ.

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಗಾರ್ಡನ್ ಕಂಟ್ರಾಕ್ಟರ್. ಮೇಸ್ತ್ರಿ ಕೈಗೆ ಎರಡು ಲಕ್ಷ ಅಡ್ವಾನ್ಸ್ ಕೊಟ್ಟು ಉತ್ತರ ಕರ್ನಾಟಕದಿಂದ ಎಂಟು ಜನರನ್ನು ಕರೆಸಿದೆ. ಇಬ್ಬರು ರಾತ್ರೋರಾತ್ರಿ ಓಡಿಹೋದರು. ಉಳಿದವರ ಆಧಾರ್ ಕಾರ್ಡ್ ತೆಗೆದಿಟ್ಟುಕೊಂಡಿದ್ದೇನೆ. ಛಾಪಾ ಕಾಗದದಲ್ಲಿ ಅಗ್ರಿಮೆಂಟ್ ಮಾಡಿಸಿದರೆ ಸೇಫ್ ಅಲ್ವಾ?

ಸೇಫ್ ಅಲ್ಲ. ನಿಮ್ಮ ಮೇಲೆ ನೀವೇ ಸಾಕ್ಷಿ ಬರೆಸಿಡುತ್ತಿದ್ದೀರಿ.

ಮೊದಲು ಆ "ಓಡಿಹೋದರು" ಅನ್ನೋ ಮಾತು ನೋಡಿ. ಕೆಲಸ ಬಿಟ್ಟರು ಅಂತ ಬರೆಯಬಹುದಿತ್ತು, ಬರೆಯಲಿಲ್ಲ. ರಾತ್ರಿ ಹೋಗಬೇಕಾಯಿತು ಅಂದರೆ ಹಗಲು ಹೋಗಲು ಬಿಡುತ್ತಿರಲಿಲ್ಲ ಅಂತ ತಾನೆ?

ಜೀತ ರದ್ದತಿ ಕಾಯ್ದೆ ಬಂದಿದ್ದು 1976ರಲ್ಲಿ. ಸರಪಳಿ ಹಾಕಿದರೆ ಮಾತ್ರ ಜೀತ ಅಂತ ಅದು ಹೇಳಲ್ಲ. ಸಾಲ ಅಥವಾ ಮುಂಗಡಕ್ಕೆ ಪ್ರತಿಯಾಗಿ ಒಬ್ಬ ಮನುಷ್ಯ ಬಿಟ್ಟಿ ಅಥವಾ ಪುಡಿಗಾಸಿಗೆ ದುಡಿಯಬೇಕಾದರೆ, ಇಲ್ಲವೇ ಬೇರೆ ಕಡೆ ಕೆಲಸಕ್ಕೆ ಹೋಗುವ ಹಕ್ಕು ಕಳೆದುಕೊಂಡರೆ, ಇಲ್ಲವೇ ತನಗೆ ಬೇಕಾದ ಕಡೆ ಓಡಾಡುವ ಹಕ್ಕು ಕಳೆದುಕೊಂಡರೆ ಅದು ಜೀತ. ಮೂರೂ ಇರಬೇಕಿಲ್ಲ, ಒಂದಿದ್ದರೂ ಸಾಕು. ಈಗ ನಮ್ಮ ಕಡೆ ಕೆಲವು "ಕನ್ಸಲ್ಟೆಂಟ್"ಗಳು ಮಾರುವ ರೆಡಿಮೇಡ್ ಅಗ್ರಿಮೆಂಟ್ ತೆಗೆದು ಓದಿ. "ಮುಂಗಡ ತೀರುವವರೆಗೂ ಬೇರೆ ಕಡೆ ಕೆಲಸಕ್ಕೆ ಹೋಗುವುದಿಲ್ಲ" ಅಂತ ಒಂದು ಸಾಲು ಇದ್ದೇ ಇರುತ್ತೆ. ಕಾಯ್ದೆ ಬೇಡ ಅಂದಿದ್ದನ್ನೇ ಛಾಪಾ ಕಾಗದಕ್ಕೆ ಇಳಿಸಿ, ಅದಕ್ಕೆ ಫೀಸು ಬೇರೆ ತಗೊಳ್ಳುತ್ತಾರೆ! ಅಂಥ ಕರಾರಿಗೆ ಮೂರು ಕಾಸಿನ ಬೆಲೆ ಇಲ್ಲ. ಆ ಸಾಲ ಕಾನೂನಿನ ಲೆಕ್ಕದಲ್ಲಿ ತೀರಿಹೋದ ಸಾಲ, ವಸೂಲಿಗೆ ಕೋರ್ಟಿಗೂ ಹೋಗುವಂತಿಲ್ಲ. ಜೀತದ ಸಾಲ ಅಲ್ಲ ಅಂತ ಸಾಬೀತು ಮಾಡಬೇಕಾದವರು ಕೂಲಿಯವರಲ್ಲ, ನೀವು. ಶಿಕ್ಷೆ ಮೂರು ವರ್ಷದವರೆಗೆ ಜೈಲು, ಎರಡು ಸಾವಿರದವರೆಗೆ ದಂಡ. ಆ ಎರಡು ಸಾವಿರ ಕೇಳಿ ನಗುವವರಿಗೆ ಇನ್ನೊಂದು ಮಾತು: ಮೋಸ ಮಾಡಿಯೋ ಹೆದರಿಸಿಯೋ ಕರೆತಂದು ದುಡಿಸಿದ್ದು ಗೊತ್ತಾದರೆ ಮಾನವ ಕಳ್ಳಸಾಗಣೆ ಕೇಸು ಬೀಳುತ್ತೆ, ಅಲ್ಲಿ ಕಡಿಮೆ ಅಂದರೂ ಏಳು ವರ್ಷ.

ಆಧಾರ್ ಕಾರ್ಡ್ ಇವತ್ತೇ ವಾಪಸ್ ಕೊಡಿ. ಈ ಲೇಖನ ಆಮೇಲೆ ಓದಿದರೂ ಆಯ್ತು.

"ಅವರೇ ಒಪ್ಪಿ ಬಂದಿದ್ದಾರೆ, ಊಟ ವಸತಿ ಎಲ್ಲ ನಮ್ಮದೇ" ಅನ್ನಬೇಡಿ. ದಿಲ್ಲಿಯ ಏಷ್ಯನ್ ಗೇಮ್ಸ್ ಕಟ್ಟಡ ಕೆಲಸದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ಹೇಳಿಬಿಟ್ಟಿದೆ: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸಿಕೊಂಡರೆ ಅದು ಬಲವಂತದ ದುಡಿಮೆ. ಹಸಿವು, ಬಡತನ ತಳ್ಳಿದ್ದೂ ಬಲವಂತವೇ.

ಹಾಗಾದರೆ ಅಡ್ವಾನ್ಸ್ ಕೊಡಲೇಬಾರದಾ? ಕೊಡದಿದ್ದರೆ ಜನ ಸಿಗಲ್ಲ, ಗೊತ್ತು. ನನ್ನ ಬಳಿ ಬರುವವರಿಗೆ ನಾನು ಹದಿನೈದು ದಿನದ ಕೂಲಿ ದಾಟಬೇಡಿ ಅನ್ನುತ್ತೇನೆ. ಇದು ಕಾನೂನಿನ ಲೆಕ್ಕವಲ್ಲ, ನನ್ನ ಅಂಜಿಕೆಯ ಲೆಕ್ಕ. ದುಡ್ಡು ಮೇಸ್ತ್ರಿ ಕೈಗೆ ಬೇಡ, ಕೆಲಸದವರ ಕೈಗೇ ಕೊಡಿ. ಮೇಸ್ತ್ರಿ ಕಮಿಷನ್ ನಿಮ್ಮ ಜೇಬಿನಿಂದ ಹೋಗಲಿ, ಅವರ ಕೂಲಿಯಲ್ಲಿ ಮುರಿಯಬೇಡಿ. ಬಟವಾಡೆ ಒಬ್ಬೊಬ್ಬರ ಖಾತೆಗೆ ಬೇರೆ ಬೇರೆ ಹೋಗಲಿ, ಹೆಂಡತಿ ದುಡಿದದ್ದು ಹೆಂಡತಿ ಖಾತೆಗೇ. ಇಲ್ಲಿ ಜಾಸ್ತಿ ಮೋಸ ಆಗೋದು ಹೆಂಗಸರಿಗೆ, ಯಾಕಂದರೆ "ಜೋಡಿ"ಗೆ ಇಷ್ಟು ಅಂತ ಲೆಕ್ಕ ಮಾಡಿ ಒಂದು ಕೈಗೆ ಕೊಟ್ಟುಬಿಡುತ್ತಾರೆ. ಯಾರಾದರೂ ನಡುವೆ ಬಿಟ್ಟು ಹೊರಟರೆ ದುಡಿದ ದಿನದ ಕೂಲಿ ಕೊಟ್ಟು ಕಳಿಸಿ. ಮುಂಗಡ ಹೋಯ್ತು ಅಂದುಕೊಳ್ಳಿ. ಬೇರು ಹಿಡಿಯದ ಗಿಡಕ್ಕೆ ರೇಟ್ ಸೇರಿಸಿ ಕೊಟೇಶನ್ ಕೊಡುತ್ತೀರಲ್ಲ, ಹಾಗೇ ಇದನ್ನೂ ಸೇರಿಸಿ.

ನಿಮ್ಮ ಸೈಟಿನಲ್ಲಿ ಏನು ನಡೀತಿದೆ ಅಂತ ತಿಳಿಯಬೇಕಾ? ಮೇಸ್ತ್ರಿ ಇಲ್ಲದಾಗ ಒಬ್ಬರನ್ನು ಕರೆದು "ನಿಮ್ಮ ಬಾಕಿ ಎಷ್ಟಿದೆ?" ಅಂತ ಕೇಳಿ. "ಮೇಸ್ತ್ರಿಗೆ ಗೊತ್ತು" ಅಂತ ಉತ್ತರ ಬಂದರೆ ಅವತ್ತೇ ಆ ಮೇಸ್ತ್ರಿಯ ಲೆಕ್ಕದ ಪುಸ್ತಕ ತರಿಸಿ. ಅಕ್ಕಿ, ಎಣ್ಣೆ, ಬೀಡಿ ಎಲ್ಲ ಅವನೇ ಸಾಲಕ್ಕೆ ಮಾರಿ ಬಾಕಿ ಬೆಳೆಸಿರುತ್ತಾನೆ.

ಪ್ರಶ್ನೆ: ಕಲ್ಲು, ಇಟ್ಟಿಗೆ, ಗಿಡ ಹೊರಗಿಂದ ತರಿಸುತ್ತೇವೆ. ಅಲ್ಲಿನದೂ ನಮ್ಮ ತಲೆನೋವಾ?

ಗಿರಾಕಿ ನಿಮ್ಮ ಹೆಸರು ನೋಡಿ ದುಡ್ಡು ಕೊಡೋದು, ಹಾಗಾಗಿ ಹೌದು. ಕ್ವಾರಿ ಮತ್ತು ಇಟ್ಟಿಗೆ ಗೂಡು ಮೊದಲಿಂದಲೂ ಜೀತದ ತವರು. ಜೀತದ ಬಗ್ಗೆ ಸುಪ್ರೀಂ ಕೋರ್ಟ್‌ನ 1983ರ ದೊಡ್ಡ ತೀರ್ಪು (ಬಂಧುವಾ ಮುಕ್ತಿ ಮೋರ್ಚಾ ಕೇಸು) ಬಂದಿದ್ದೇ ಫರೀದಾಬಾದಿನ ಕಲ್ಲು ಕ್ವಾರಿಗಳ ವಿಷಯದಲ್ಲಿ. ದರ ಎಲ್ಲರಿಗಿಂತ ತೀರಾ ಕಡಿಮೆ ಇದ್ದರೆ ಉಳಿದದ್ದು ಯಾರ ಹೊಟ್ಟೆಯಿಂದ ಅಂತ ಯೋಚಿಸಿ. ಬಟವಾಡೆ ದಿನ ಹೇಳದೆ ಕೇಳದೆ ಒಂದು ಸಲ ಹೋಗಿ ಬನ್ನಿ. ಒಳಗೆ ಬಿಡದಿದ್ದರೆ ಅಲ್ಲಿಂದ ತರಿಸಬೇಡಿ.

ಪ್ರಶ್ನೆ: ರೆಸಾರ್ಟ್‌ಗೆ ಬುಕಿಂಗ್ ಕೊಡುವ ಲಂಡನ್ ಕಂಪನಿ "ಮಾಡರ್ನ್ ಸ್ಲೇವರಿ" ಹೇಳಿಕೆ ಕೇಳುತ್ತಿದೆ. ಸರ್ಟಿಫಿಕೇಟ್ ಎಲ್ಲಿ ಸಿಗುತ್ತೆ?

ಎಲ್ಲೂ ಇಲ್ಲ. ಮಾರಲು ಬಂದವನನ್ನು ಗೇಟಿನಿಂದಲೇ ಕಳಿಸಿ. ಬ್ರಿಟನ್ನಿನ 2015ರ ಕಾಯ್ದೆ ಪ್ರಕಾರ ವರ್ಷಕ್ಕೆ 3.6 ಕೋಟಿ ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ವಹಿವಾಟಿನ ಕಂಪನಿಗಳು, ತಮ್ಮ ವ್ಯವಹಾರದಲ್ಲಿ ಜೀತ ನುಸುಳದಂತೆ ಏನು ಮಾಡಿದ್ದೇವೆ ಅಂತ ಹೇಳಿಕೆ ಪ್ರಕಟಿಸಬೇಕು. ಅದು ಅವರ ಕೆಲಸ. ನಿಮಗೆ ಬಂದಿರೋದು ಪ್ರಶ್ನೆಪಟ್ಟಿ, ಇದ್ದದ್ದು ಇದ್ದ ಹಾಗೆ ತುಂಬಿ.

ಪ್ರಶ್ನೆ: ರಜೆಯಲ್ಲಿ ಕೆಲಸದವರ ಮಕ್ಕಳು ಕಳೆ ಕೀಳಬಹುದಾ?

ಬೇಡ.

ಪ್ರಶ್ನೆ: ಪಕ್ಕದ ಸೈಟಿನ ಶೆಡ್‌ಗೆ ರಾತ್ರಿ ಹೊರಗಿಂದ ಬೀಗ ಹಾಕುತ್ತಾರೆ. ನಾವೇ ಹೋಗಿ ಬಿಡಿಸಬಹುದಾ?

ಬೇಡ. ಹಿಂದೆ ಒಂದು ಸಲ ನಾನು ಸಿಟ್ಟಿನಲ್ಲಿ ಹೋಗಿ ಜಗಳ ಮಾಡಿ ಬಂದೆ. ಮಾರನೇ ದಿನ ಅಧಿಕಾರಿಗಳ ಜೊತೆ ಹೋದರೆ ಶೆಡ್ ಖಾಲಿ, ಒಲೆಯ ಬೂದಿ ಮಾತ್ರ ಇತ್ತು. ಅವರನ್ನು ಎಲ್ಲಿಗೆ ಸಾಗಿಸಿದರೋ ಇವತ್ತಿಗೂ ಗೊತ್ತಾಗಿಲ್ಲ. ನೀವು ಸದ್ದಿಲ್ಲದೆ ಎಸಿ ಅಥವಾ ಡಿಸಿ ಕಚೇರಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ. ಜೀವಕ್ಕೆ ಅಪಾಯ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ಬಿಡಿಸಿದ ಮೇಲೆ ಅವರ ಕೈಗೆ ಬಿಡುಗಡೆ ಪತ್ರ (ಜೀತದಿಂದ ಮುಕ್ತರಾದರು ಅಂತ ಅಧಿಕಾರಿ ಬರೆದುಕೊಡುವ ಪತ್ರ) ಸಿಕ್ಕಿತಾ ಅಂತ ವಿಚಾರಿಸಿ. ಅದಿಲ್ಲದೆ ಬಸ್ ಹತ್ತಿಸಿ ಕಳಿಸಿದರೆ ಊರಲ್ಲಿ ಅದೇ ಮೇಸ್ತ್ರಿ ಬಾಕಿ ಕೇಳಿಕೊಂಡು ಮನೆ ಬಾಗಿಲಿಗೆ ಬರುತ್ತಾನೆ.